ಹೊಟ್ಟೆಗೆ ಕತ್ತರಿ, ತೋಳಿಗೆ ಡಂಬೆಲ್, ಮಳೆಗಾಲಕ್ಕೆ ಹಳೇ ಪಂಚೆ

108 ಕೆಜಿ ಇದ್ದವಳು ಎರಡು ವರ್ಷದಲ್ಲಿ 66ಕ್ಕೆ ಬಂದೆ. ಹೇಗೆ ಸಣ್ಣಗಾದ್ರಿ ಅಂತ ಎಲ್ಲರೂ ಕೇಳುತ್ತಾರೆ. ಆ ಕತೆ ಇಲ್ಲಿ ಬೇಡ. ಯಾರೂ ಕೇಳದ ಪ್ರಶ್ನೆ ಒಂದಿದೆ. ಒಳಗಿನ ಕೊಬ್ಬು ಕರಗಿತು ಸರಿ, ಅದನ್ನು ಸುತ್ತಿಕೊಂಡಿದ್ದ ಚರ್ಮ ಎಲ್ಲಿಗೆ ಹೋಯಿತು?

ಎಲ್ಲಿಗೂ ಹೋಗಲಿಲ್ಲ. ಹೊಕ್ಕುಳಿನ ಕೆಳಗೆ ಖಾಲಿ ಚೀಲದ ಹಾಗೆ ಜೋತುಬಿತ್ತು. ಕೂತರೆ ತೊಡೆ ಮೇಲೆ ಬಂದು ಕೂರುತ್ತಿತ್ತು. ತೋಳಿನ ಕೆಳಗೂ ಅದೇ ಪಾಡು. ನಾನು ವಿರಾಜಪೇಟೆ ಕಡೆಯ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳುವವಳು. ಬೋರ್ಡಿನ ಮೇಲೆ ಗೆರೆ ಎಳೆದರೆ ಮೊದಲು ಸೀಮೆಸುಣ್ಣ ಹೋಗುತ್ತಿತ್ತು, ಅದರ ಹಿಂದೆ ತೋಳಿನ ಚರ್ಮ ಅಲ್ಲಾಡುತ್ತಾ ಹೋಗುತ್ತಿತ್ತು. ಒಂಬತ್ತನೇ ಕ್ಲಾಸಿನ ಹಿಂದಿನ ಬೆಂಚಿನವರು ನನಗೆ ‘ಬಾವಲಿ ಟೀಚರ್’ ಅಂತ ಹೆಸರಿಟ್ಟಿದ್ದು ಆರು ತಿಂಗಳಾದ ಮೇಲೆ ಗೊತ್ತಾಯಿತು. ದಪ್ಪ ಇದ್ದಾಗ ಇಟ್ಟಿದ್ದ ಹೆಸರಿಗಿಂತ ವಾಸಿ ಬಿಡಿ.

ಇದು ಯಾಕೆ ಹೀಗಾಗುತ್ತದೆ ಅಂದರೆ, ಚರ್ಮದೊಳಗೆ ಕೊಲಾಜನ್, ಎಲಾಸ್ಟಿನ್ ಅನ್ನುವ ಎಳೆಗಳಿವೆ. ಹಿಗ್ಗಿದ್ದನ್ನು ವಾಪಸ್ ಎಳೆದುಕೊಳ್ಳುವ ಕೆಲಸ ಅವುಗಳದ್ದು. ನನ್ನ ಹಾಗೆ ಹದಿನೈದು ವರ್ಷ ಹಿಗ್ಗಿಕೊಂಡೇ ಇದ್ದರೆ ಅವು ಹಾಳಾಗುತ್ತವೆ. ಹಳೇ ಲಂಗದ ಎಲಾಸ್ಟಿಕ್ ಬಿಟ್ಟುಹೋದ ಮೇಲೆ ಎಷ್ಟು ತೊಳೆದರೂ ಬಿಗಿಯಾಗುತ್ತಾ? ವಯಸ್ಸು, ಬಿಸಿಲು, ಸಿಗರೇಟು, ಹುಟ್ಟಿನಿಂದ ಬಂದ ಗುಣ ಇವೂ ಸೇರಿಕೊಳ್ಳುತ್ತವೆ. ಇಪ್ಪತ್ತರ ಹುಡುಗಿ ಹದಿನೈದು ಕೆಜಿ ಇಳಿಸಿದರೆ ಒಂದೆರಡು ವರ್ಷದಲ್ಲಿ ಚರ್ಮ ಸಾಕಷ್ಟು ಒಳಗೆ ಸೇರಬಹುದು. ನನಗೆ ಆಗ 41, ಎರಡು ಹೆರಿಗೆ ಆಗಿತ್ತು.

ಎಣ್ಣೆಯಿಂದ ಶುರು ಮಾಡಿದೆ. ಕೊಬ್ಬರಿ ಎಣ್ಣೆ, ಬಾದಾಮಿ ಎಣ್ಣೆ, ಆಮೇಲೆ ‘ಫರ್ಮಿಂಗ್’ ಅಂತ ಬರೆದಿದ್ದ 1,400 ರೂಪಾಯಿಯ ಕ್ರೀಮು. ಆಗಸ್ಟ್ 3ಕ್ಕೆ, ಅಂದರೆ ಕೊಡವರ ಕಕ್ಕಡ ತಿಂಗಳ 18ರಂದು, ಪಕ್ಕದ ಮನೆ ಆಂಟಿ ಮದ್ದು ಸೊಪ್ಪಿನ ಪಾಯಸ ತಂದುಕೊಟ್ಟರು. ಜೊತೆಗೆ ಒಂದು ಲೋಟ ರಸ. ‘ಹದಿನೆಂಟು ಥರ ಮದ್ದು ಇದೆ ಇದರಲ್ಲಿ, ಹೊಟ್ಟೆಗೂ ಹಚ್ಚಿಕೋ’ ಅಂದರು. ಹಚ್ಚಿಕೊಂಡೆ. ಹೊಟ್ಟೆ ನೇರಳೆ ಆಯಿತು. ಆ ಸೊಪ್ಪು ತಿಂದ ಮರುದಿನ ಮೂತ್ರ ಕೆಂಪಾಗುವುದನ್ನು ನೋಡಿದವರಿಗೆ ಇದು ಹೊಸದೇನಲ್ಲ. ಚರ್ಮ ಮಾತ್ರ ಬಣ್ಣ ಬಳಿದುಕೊಂಡು ಅಲ್ಲೇ ನೇತಾಡುತ್ತಿತ್ತು. ಎಣ್ಣೆಯಿಂದ ಚರ್ಮ ನುಣುಪಾಗುತ್ತದೆ, ಒಣ ತುರಿಕೆ ಕಮ್ಮಿಯಾಗುತ್ತದೆ, ಅಷ್ಟೇ. ಮೇಲೆ ಹಚ್ಚಿದ್ದು ಕೆಳಗಿನ ಹರಿದ ಎಳೆಯನ್ನು ಹೊಲಿಯೋದಿಲ್ಲ.

ಎರಡನೆಯದು ಮೆಷಿನ್. ಒಂದು ದೊಡ್ಡ ಊರಿನ ಸೌಂದರ್ಯ ಕ್ಲಿನಿಕ್. ರೇಡಿಯೋ ಫ್ರೀಕ್ವೆನ್ಸಿ ಅಂತ ಹೆಸರು. ಚರ್ಮದ ಒಳಗೆ ಬಿಸಿ ಕೊಟ್ಟು ಕೊಲಾಜನ್ ಬಿಗಿ ಮಾಡುವುದು ಅದರ ಕೆಲಸ. ಆರು ಸಲಕ್ಕೆ 24,000. ಮಲಗಿದರೆ ಹಾಯಾಗಿತ್ತು, ಇಸ್ತ್ರಿ ಪೆಟ್ಟಿಗೆಯನ್ನು ಬಟ್ಟೆ ಮೇಲಿಂದ ಆಡಿಸಿದ ಹಾಗೆ. ಕೊನೆಯ ದಿನ ‘ಮೊದಲು’ ಮತ್ತು ‘ಆಮೇಲೆ’ ಫೋಟೋ ತೋರಿಸಿದರು. ನೋಡಿದರೆ ಹೌದಲ್ಲ ಅನ್ನಿಸಿತು. ಮನೆಗೆ ಬಂದು ಎರಡನ್ನೂ ಪಕ್ಕಪಕ್ಕ ಇಟ್ಟೆ. ಎರಡನೆಯದರಲ್ಲಿ ಲೈಟು ಎದುರಿನಿಂದ ಬಿದ್ದಿತ್ತು, ನಾನು ಉಸಿರು ಎಳೆದು ನಿಂತಿದ್ದೆ. ಹಾಗೆ ನಿಲ್ಲಿ ಅಂತ ಅವರೇ ಹೇಳಿದ್ದರು! ಗಲ್ಲದ ಕೆಳಗೆ ಸ್ವಲ್ಪ ಬಿಗಿ ಬಂದಿದ್ದು ನಿಜ. ಸಣ್ಣ ಸಡಿಲಕ್ಕೆ ಅದು ನಡೆಯುತ್ತದೆ. ಗೇಣುದ್ದ ಜೋತುಬಿದ್ದಿರುವ ಹೊಟ್ಟೆಗೆ ಅದನ್ನು ಮಾರಿದ್ದೇ ತಪ್ಪು, ಕೊಂಡುಕೊಂಡ ನಾನೂ ಗಣಿತದ ಟೀಚರ್ ಅನ್ನಿಸಿಕೊಂಡವಳು.

ಇಷ್ಟರಲ್ಲಿ ಮಳೆ ಹಿಡಿಯಿತು. ಇಲ್ಲಿಂದ ಮುಂದೆ ಕೊಡಗಿನವರಿಗೆ ಮಾತ್ರ ಸರಿಯಾಗಿ ಅರ್ಥವಾಗುವ ಮಾತು.

ಒಣ ಹವೆಯ ಊರಿನಲ್ಲಿ ಜೋಲು ಚರ್ಮ ಮುಖ್ಯವಾಗಿ ನೋಟದ ತೊಂದರೆ ಇರಬಹುದು. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ಒದ್ದೆಯ ತೊಂದರೆ. ಗೋಡೆಗೆ ಬೂಸ್ಟು, ಚಪ್ಪಲಿಗೆ ಬೂಸ್ಟು, ಬೀರುವಿನ ಸೀರೆಗೂ ಬೂಸ್ಟು. ಚರ್ಮದ ಮಡಿಕೆ ಬೀರುವಿಗಿಂತ ಬೆಚ್ಚಗಿನ ಜಾಗ, ಅದನ್ನು ಬಿಡುತ್ತದಾ? ಹೊಟ್ಟೆಯ ಮಡಿಕೆ ಎತ್ತಿ ನೋಡಿದರೆ ಕೆಂಪಗೆ, ಅಂಚಿನಲ್ಲಿ ಸಣ್ಣ ಬೊಕ್ಕೆಗಳು, ಹುಳಿ ಹಿಟ್ಟಿನ ವಾಸನೆ. ಉರಿ ಎಷ್ಟಿತ್ತೆಂದರೆ ಕ್ಲಾಸಿನಲ್ಲಿ ಕೂರುವುದನ್ನೇ ಬಿಟ್ಟೆ. ಮೆಡಿಕಲ್ ಶಾಪಿನಲ್ಲಿ ಕೇಳಿದ್ದಕ್ಕೆ ಒಂದು ಟ್ಯೂಬ್ ಕೊಟ್ಟರು, ಎಲ್ಲದಕ್ಕೂ ಆಗುತ್ತೆ ಅಂದರು. ಮೂರೇ ದಿನದಲ್ಲಿ ಮಾಯ. ಬಿಟ್ಟ ಹತ್ತು ದಿನಕ್ಕೆ ಎರಡರಷ್ಟಾಗಿ ವಾಪಸ್. ಚರ್ಮದ ಡಾಕ್ಟರು ಟ್ಯೂಬ್ ತಿರುಗಿಸಿ ನೋಡಿ ಬೈದರು. ಅದರಲ್ಲಿ ಸ್ಟೀರಾಯ್ಡ್ ಇತ್ತು. ತುರಿಕೆಯನ್ನು ಅಡಗಿಸುತ್ತದೆ, ಫಂಗಸ್ ಒಳಗೇ ಬೆಳೆಯುತ್ತದೆ, ಮಡಿಕೆಯ ಚರ್ಮ ಮೊದಲೇ ತೆಳು, ಇನ್ನೂ ತೆಳುವಾಗುತ್ತದೆ. ಫಂಗಸ್ ಕೊಲ್ಲುವ ಸಾದಾ ಕ್ಲೋಟ್ರಿಮಜೋಲ್ ಮುಲಾಮು ಬರೆದುಕೊಟ್ಟರು. ಕೆಂಪು ಹೋದ ಮೇಲೂ ಸ್ವಲ್ಪ ದಿನ ಹಚ್ಚಿ, ನಡುವೆ ನಿಲ್ಲಿಸಬೇಡಿ ಅಂದರು.

ಒಣಗಿಸುವುದು ಹೇಗೆ? ಹೇರ್ ಡ್ರೈಯರ್ ತಂದೆ, ತಣ್ಣನೆ ಗಾಳಿಯಲ್ಲಿ ಎರಡು ನಿಮಿಷ. ಅದ್ಭುತ. ಆದರೆ ಜುಲೈನಲ್ಲಿ ಮರ ಬಿದ್ದು ಮೂರು ದಿನ ಕರೆಂಟು ಇಲ್ಲದಾಗ ಡ್ರೈಯರ್ ಸುಮ್ನೆ ಗೂಟದಲ್ಲಿ ನೇತಾಡುತ್ತಿತ್ತು. ಆಗ ಸಿಕ್ಕಿದ್ದು ಅಪ್ಪನ ಹಳೇ ಪಂಚೆ. ತೊಳೆದು ತೊಳೆದು ಮೆತ್ತಗಾದ ಹತ್ತಿ. ಅದನ್ನು ಎರಡು ಬೆರಳಗಲ ಉದ್ದುದ್ದ ಹರಿದು, ಮಡಚಿ, ಮಡಿಕೆಯೊಳಗೆ ಇಟ್ಟುಕೊಳ್ಳುವುದು. ಬೆಳಿಗ್ಗೆ ಒಂದು, ಮಧ್ಯಾಹ್ನ ಸ್ಟಾಫ್ ರೂಮಿನ ಬಾತ್‌ರೂಮಿನಲ್ಲಿ ಒಂದು. ಚರ್ಮಕ್ಕೆ ಚರ್ಮ ತಾಗಬಾರದು, ಬೆವರು ಬಟ್ಟೆಗೆ ಹೋಗಬೇಕು, ಅಷ್ಟೇ ಉಪಾಯ. ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ ತುಂಡುಗಳನ್ನು ಒಣಗಿಸುತ್ತಿದ್ದೆ, ಹಾಗಾಗಿ ಆ ಮಳೆಗಾಲ ಪೂರ್ತಿ ನನ್ನ ಮೈ ಹೊಗೆಯ ವಾಸನೆ ಹೊಡೆಯುತ್ತಿತ್ತು. ಹುಳಿ ಹಿಟ್ಟಿಗಿಂತ ಹೊಗೆ ಮೇಲು.

ಬಿಗಿ ಬೆಲ್ಟು ಇದಕ್ಕೆ ತದ್ವಿರುದ್ಧ. ನೋಟಕ್ಕೆ ಅದರಷ್ಟು ಬೇಗ ಫಲ ಕೊಡುವುದು ಬೇರೊಂದಿಲ್ಲ. ನಮ್ಮ ಕೊಡಗಿನ ಸೀರೆಯ ವಿಷಯ ಗೊತ್ತಲ್ಲ, ನೆರಿಗೆ ಹಿಂದೆ. ಬೇರೆ ಕಡೆಯವರ ಸೀರೆಯಲ್ಲಿ ಮುಂದಿನ ನೆರಿಗೆ ಹೊಟ್ಟೆಯನ್ನು ಮುಚ್ಚಿಕೊಂಡುಬಿಡುತ್ತದೆ. ನಮ್ಮದರಲ್ಲಿ ಮುಂದೆ ಬಟ್ಟೆ ಚಪ್ಪಟೆ, ಒಳಗೆ ಏನಿದೆಯೋ ಅದೇ ಆಕಾರ. ಗೋಣಿಕೊಪ್ಪದಲ್ಲಿ ಒಂದು ಮದುವೆಗೆ ಬೆಲ್ಟು ಹಾಕಿ ಹೋದೆ, ಎಲ್ಲರೂ ಹೊಗಳಿದರು. ಸಂಜೆ ಬಿಚ್ಚಿದಾಗ ಮಡಿಕೆಯೊಳಗೆ ಕೆಂಪು ಗೆರೆ. ಒಂದು ದಿನದ ಮದುವೆಗೆ ಹದಿನೈದು ದಿನ ಮುಲಾಮು. ಇನ್ನೊಂದು ಸಲ ಒದ್ದೆ ಬೆಲ್ಟನ್ನು ಇಸ್ತ್ರಿ ಪೆಟ್ಟಿಗೆಯಲ್ಲಿ ಒಣಗಿಸಲು ಹೋದೆ, ಎಲಾಸ್ಟಿಕ್ ಸುಟ್ಟ ಹಪ್ಪಳದ ಹಾಗೆ ಮುರುಟಿತು. ಬೇಸಿಗೆಯಲ್ಲಿ, ನಡೆಯುವಾಗ ಮಾತ್ರ, ಒಳಗೆ ಹತ್ತಿ ಬನಿಯನ್ ಹಾಕಿಕೊಂಡು ಬೆಲ್ಟು ಹಾಕಿದರೆ ಒಳ್ಳೆಯದೇ. ಚರ್ಮ ಅಲ್ಲಾಡುವುದು ನಿಂತು ಇಳಿಜಾರಿನಲ್ಲಿ ನಡೆಯಲು ಆರಾಮ. ಬಿಚ್ಚಿದ ಕೂಡಲೇ ಹೊಟ್ಟೆ ಮೊದಲಿನ ಜಾಗಕ್ಕೇ ಬರುತ್ತದೆ ಅನ್ನುವುದು ನೆನಪಿರಲಿ.

ಡಂಬೆಲ್ ಬಗ್ಗೆ ನನಗೆ ನಂಬಿಕೆ ಇರಲಿಲ್ಲ. ಮೂರು ಕೆಜಿಯಿಂದ ಶುರು ಮಾಡಿ ಒಂದು ವರ್ಷದಲ್ಲಿ ಏಳೂವರೆಗೆ ಬಂದೆ. ವಾರಕ್ಕೆ ಮೂರು ದಿನ, ಮುಕ್ಕಾಲು ಗಂಟೆ. ತಿನ್ನುವುದರಲ್ಲಿ ಮೊಟ್ಟೆ, ಮೊಸರು, ಮೀನು, ಕಾಳು ಜಾಸ್ತಿ ಮಾಡಿದೆ. ಹಂದಿ ಕರಿಯನ್ನೂ ಪ್ರೋಟೀನ್ ಲೆಕ್ಕಕ್ಕೆ ಸೇರಿಸಲು ನೋಡಿದೆ, ಕೊಬ್ಬಿನ ಲೆಕ್ಕ ಬಂದ ಕೂಡಲೇ ಕೈಬಿಟ್ಟೆ. ಡಂಬೆಲ್ ಚರ್ಮವನ್ನು ಕುಗ್ಗಿಸುವುದಿಲ್ಲ. ಅದು ಮಾಡುವುದು ಒಳಗೆ ಮಾಂಸ ತುಂಬುವ ಕೆಲಸ. ದೊಡ್ಡ ದಿಂಬಿನ ಕವರಿಗೆ ಸಣ್ಣ ದಿಂಬು ಹಾಕಿದ್ದೀರಿ, ಈಗ ಆ ದಿಂಬಿಗೆ ಇನ್ನಷ್ಟು ಹತ್ತಿ. ತೋಳಿನಲ್ಲಿ ಇದು ಚೆನ್ನಾಗಿ ನಡೆಯಿತು. ಕೈ ಚಾಚಿದರೆ ಮೊದಲು ನಾಲ್ಕು ಬೆರಳಗಲ ಜೋತುಬೀಳುತ್ತಿದ್ದದ್ದು ಎರಡು ಬೆರಳಿಗೆ ಬಂತು. ಹೊಟ್ಟೆಯಲ್ಲಿ ಏನೂ ಆಗಲಿಲ್ಲ. ಹೊಟ್ಟೆಯ ಮಾಂಸ ಎಷ್ಟು ಗಟ್ಟಿಯಾದರೂ ಅದರ ಮುಂದೆ ನೇತಾಡುವ ಚೀಲಕ್ಕೆ ಅದರಿಂದ ಏನಾಗಬೇಕು?

ಹಾಗಾಗಿ ಹೊಟ್ಟೆಗೆ ಆಪರೇಷನ್. ಮೈಸೂರಿನ ಸರ್ಜನ್ ಮೊದಲ ಭೇಟಿಯಲ್ಲೇ ವಾಪಸ್ ಕಳಿಸಿದರು. ಆರು ತಿಂಗಳು ತೂಕ ಹೆಚ್ಚುಕಮ್ಮಿ ಆಗದೆ ನಿಲ್ಲಬೇಕು, ಸಕ್ಕರೆ ಹಿಡಿತದಲ್ಲಿರಬೇಕು, ಹಿಮೋಗ್ಲೋಬಿನ್ 9.8 ಇದೆ, ಅದು ಏರಬೇಕು. ಸಿಗರೇಟು ಸೇದುತ್ತೀರಾ ಅಂತಲೂ ಕೇಳಿದರು, ಸೇದುವವರಿಗೆ ಚರ್ಮಕ್ಕೆ ರಕ್ತ ಸರಿಯಾಗಿ ಹೋಗದೆ ಹೊಲಿಗೆ ಕೂಡುವುದಿಲ್ಲವಂತೆ. ಎರಡು ಥರ ಇದೆ ಅಂತ ವಿವರಿಸಿದರು. ಪ್ಯಾನಿಕ್ಯುಲೆಕ್ಟಮಿ ಅಂದರೆ ನೇತಾಡುವ ಭಾಗವನ್ನು ಮಾತ್ರ ಕತ್ತರಿಸುವುದು. ಅಬ್ಡಾಮಿನೋಪ್ಲಾಸ್ಟಿಯಲ್ಲಿ ಹೆರಿಗೆಯಿಂದ ಅಗಲವಾದ ಹೊಟ್ಟೆಯ ಸ್ನಾಯುಗಳನ್ನೂ ಹತ್ತಿರ ತಂದು ಹೊಲಿಯುತ್ತಾರೆ, ಹೊಕ್ಕುಳಿಗೆ ಹೊಸ ಜಾಗ ಮಾಡುತ್ತಾರೆ. ನನಗೆ ಎರಡನೆಯದು. ಎಲ್ಲಾ ಸೇರಿ 1,85,000 ಆಯಿತು. ಮಡಿಕೆಯ ಗಾಯದ ಫೋಟೋ, ಡಾಕ್ಟರ ಪತ್ರ ಎಲ್ಲಾ ಕೊಟ್ಟರೂ ಇನ್ಶೂರೆನ್ಸ್‌ನವರು ಇದು ಅಂದಕ್ಕೆ ಮಾಡಿಸಿಕೊಳ್ಳುವುದು ಅಂತ ಒಂದೇ ಸಾಲಿನಲ್ಲಿ ತಳ್ಳಿಹಾಕಿದರು. ಪಾಲಿಸಿಗೆ ಸಹಿ ಹಾಕುವ ಮೊದಲು ಆ ಷರತ್ತು ಓದಿಕೊಳ್ಳಿ.

ದಿನ ಆರಿಸುವುದರಲ್ಲಿ ಮಾತ್ರ ನಾನು ಜಾಣೆ. ಏಪ್ರಿಲ್, ಬೇಸಿಗೆ ರಜೆ ಶುರುವಾದ ಕೂಡಲೇ. ಆರು ವಾರ ಭಾರ ಎತ್ತುವ ಹಾಗಿಲ್ಲ, ಹಗಲು ರಾತ್ರಿ ಬಿಗಿ ಬಟ್ಟೆ ಹಾಕಬೇಕು. ಸ್ಕೂಲು ತೆರೆಯುವ ಹೊತ್ತಿಗೆ ಆರು ವಾರ, ಮಳೆಗೂ ಮುಂಚೆ. ಜೂನ್‌ನಲ್ಲಿ ಮಾಡಿಸಿಕೊಂಡಿದ್ದರೆ ಆ ಬಟ್ಟೆ ಯಾವ ಒಲೆಯ ಮೇಲೂ ಒಣಗುತ್ತಿರಲಿಲ್ಲ.

ಆಪರೇಷನ್ ನಾಲ್ಕು ಗಂಟೆ. ಎದ್ದಾಗ ಎರಡು ಕಡೆ ಎರಡು ನಳಿಕೆ, ತುದಿಯಲ್ಲಿ ಪುಟ್ಟ ಡಬ್ಬಿ. ಒಳಗೆ ಸೇರುವ ನೀರು ಅದಕ್ಕೆ ಇಳಿಯುತ್ತದೆ, ದಿನಾ ಅಳೆದು ಬರೆಯಬೇಕು. 30 ಮಿಲೀಗಿಂತ ಕಮ್ಮಿಯಾದ ಮೇಲೆ ತೆಗೆದರು. ಹತ್ತು ದಿನ ಸೊಂಟ ಬಗ್ಗಿಸಿಕೊಂಡೇ ನಡೆದೆ, ಅಜ್ಜಿಯ ಹಾಗೆ. ಎರಡನೇ ದಿನದಿಂದಲೇ ನಡೆಸಿದರು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಾರದು ಅಂತ. ಅತಿ ಕಷ್ಟದ್ದು ಅಂದರೆ ಮನೆಗೆ ಬಂದ ದಾರಿ. ನಮಗೆ ರೈಲಿಲ್ಲ. ಹುಣಸೂರು ದಾಟಿ ತಿತಿಮತಿ ಕಡೆಗೆ ಬರುವ ಕಾಡಿನ ರಸ್ತೆಯಲ್ಲಿ ಒಂದೊಂದು ರೋಡ್ ಹಂಪಿಗೂ ನಾನು ಹೊಟ್ಟೆಗೆ ದಿಂಬು ಒತ್ತಿ ಹಿಡಿದು ಉಸಿರು ಬಿಗಿ ಹಿಡಿಯುತ್ತಿದ್ದೆ. ಕಾರು ಓಡಿಸುತ್ತಿದ್ದ ಗಂಡ ಪ್ರತಿ ಸಲ ‘ಸಾರಿ’ ಅನ್ನುತ್ತಿದ್ದರು, ಹಂಪು ಅವರೇ ಹಾಕಿಸಿದ ಹಾಗೆ. ಮೂರನೇ ವಾರ ಒಳಗೆ ಮತ್ತೆ ನೀರು ತುಂಬಿ, ಸೂಜಿಯಲ್ಲಿ ತೆಗೆಸಲು ಅದೇ ದಾರಿಯಲ್ಲಿ ಇನ್ನೆರಡು ಸಲ ಹೋಗಿಬಂದೆ. ಹತ್ತಿರದಲ್ಲಿ ಮಾಡಿಸಿಕೊಳ್ಳಿ ಅನ್ನಲು ಕೊಡಗಿನವರಿಗೆ ಜಾಸ್ತಿ ಆಯ್ಕೆ ಇಲ್ಲ. ಕೊನೇ ಪಕ್ಷ ಓಡಾಟದ ಖರ್ಚು ಸೇರಿಸಿ ಲೆಕ್ಕ ಹಾಕಿ.

ಕತ್ತರಿಸಿದ ಚರ್ಮ ತೂಗಿದಾಗ ಎರಡು ಕೆಜಿ ಮುನ್ನೂರು ಗ್ರಾಂ ಇತ್ತಂತೆ. ಹತ್ತು ಕೆಜಿಯಾದರೂ ಇರುತ್ತೆ ಅಂದುಕೊಂಡಿದ್ದೆ. ಒಂದು ಸೊಂಟದಿಂದ ಇನ್ನೊಂದು ಸೊಂಟದವರೆಗೆ ಗಾಯದ ಗೆರೆ ಇದೆ, ಮೊದಲ ವರ್ಷ ಕಡು ಕೆಂಪಾಗಿತ್ತು, ಈಗ ಕಂದು. ಅದರ ಮೇಲೆ ಅಂಗೈಯಗಲ ಜಾಗದಲ್ಲಿ ಇನ್ನೂ ಸ್ಪರ್ಶ ಸರಿಯಾಗಿ ಗೊತ್ತಾಗುವುದಿಲ್ಲ. ಆದರೆ ಆ ವರ್ಷದ ಜುಲೈನಲ್ಲಿ ಪಂಚೆಯ ತುಂಡು ಬೇಕಾಗಲಿಲ್ಲ. ಹೊಟ್ಟೆಗೆ ಮುಲಾಮು ಹಚ್ಚದ ಮೊದಲ ಮಳೆಗಾಲ ಅದು. ಇಷ್ಟು ಖರ್ಚಿಗೆ ನನಗೆ ಸಿಕ್ಕಿದ್ದು ಸಪಾಟು ಹೊಟ್ಟೆಗಿಂತ ಹೆಚ್ಚಾಗಿ ಒಣ ಹೊಟ್ಟೆ.

ತೋಳಿಗೂ ಮಾಡಿಸಬಹುದಿತ್ತು. ಕಂಕುಳಿಂದ ಮೊಣಕೈವರೆಗೆ ಒಳಗಡೆ ಗೆರೆ ಬರುತ್ತದೆ ಅಂದರು. ಎರಡು ಬೆರಳಗಲದ ಚರ್ಮಕ್ಕೆ ಅಷ್ಟುದ್ದದ ಗಾಯ ಯಾಕೆ ಅಂತ ಬಿಟ್ಟೆ, ಡಂಬೆಲ್ ನಡೆಯುತ್ತಿದೆ, ರವಿಕೆಗೆ ಉದ್ದ ತೋಳಿದೆ.

ತೊಡೆಯ ಒಳಭಾಗ ಮಾತ್ರ ಹಾಗೇ ಉಳಿದಿದೆ. ಮಳೆಗಾಲದಲ್ಲಿ ಉಜ್ಜಿಕೊಳ್ಳುತ್ತದೆ. ಅಲ್ಲಿ ಹೊಲಿಗೆ ಮಾಯುವುದು ನಿಧಾನ ಅಂತ ಸರ್ಜನ್ನರೇ ಹೇಳಿದ ಮೇಲೆ ನಾನು ಕೇಳಲು ಹೋಗಲಿಲ್ಲ. ಮಂಡಿವರೆಗಿನ ಹತ್ತಿ ಚಡ್ಡಿ ಹಾಕುತ್ತೇನೆ. ದಿನಕ್ಕೆ ಎರಡು ಬೇಕು, ಜುಲೈನಲ್ಲಿ ಒಂದು ಒಣಗಲು ಮೂರು ದಿನ. ಹಾಗಾಗಿ ಎಂಟು ಇಟ್ಟುಕೊಳ್ಳಿ, ಆರು ಸಾಲುವುದಿಲ್ಲ.