ಸ್ಟ್ರಿಪ್ ಕಾರ್ಟೂನ್ ಬರೆಯುವವರೇ, ಕರಾರಿನ ಈ ಸಾಲು ನೋಡಿ

ಕಾರ್ಟೂನ್, ಲೇಖನಗಳನ್ನು ಪತ್ರಿಕೆಗಳಿಗೆ ಮಾರುವ ಫೀಚರ್ ಏಜೆನ್ಸಿಯವರು ಕರೆದರೆ ಖುಷಿ ಆಗುತ್ತದೆ, ಅಲ್ವಾ? ಒಮ್ಮೆ ಬರೆದ ಸ್ಟ್ರಿಪ್ ನಾಲ್ಕಾರು ಪತ್ರಿಕೆಗಳಲ್ಲಿ ಬರುತ್ತದೆ, ಬಂದ ದುಡ್ಡಿನಲ್ಲಿ ಅರ್ಧ ನಿಮಗೆ. ಅಮೆರಿಕದ ಸಿಂಡಿಕೇಟ್‌ಗಳಲ್ಲೂ (ಅಲ್ಲಿನ ಇಂಥ ಏಜೆನ್ಸಿಗಳು) ಬಹುಕಾಲದಿಂದ ಇದೇ ಅರ್ಧರ್ಧ ಲೆಕ್ಕ. ಯಾವುದರ ಅರ್ಧ ಅನ್ನುವುದೇ ತಕರಾರು.

ನನಗೆ ಏಜೆನ್ಸಿ ಕೊಟ್ಟ ಪಟ್ಟಿಯಲ್ಲಿ ಇದ್ದದ್ದು ಬರೀ ಕನ್ನಡ ಪತ್ರಿಕೆಗಳು. ಒಂದು ದಿನ ಸೊಲ್ಲಾಪುರದಲ್ಲಿರುವ ನಮ್ಮ ಭಾವ ಮರಾಠಿ ಪತ್ರಿಕೆಯೊಂದರ ಫೋಟೊ ಕಳಿಸಿದರು. ನನ್ನದೇ ಕಿರಾಣಿ ಅಂಗಡಿ ಶೆಟ್ಟರು, ನನ್ನದೇ ಬೆಕ್ಕು, ಮಾತು ಮಾತ್ರ ಮರಾಠಿ. ಮೂಲೆಯಲ್ಲಿದ್ದ ಸಹಿ ಕತ್ತರಿಸಿದ್ದರು. ಫೋನ್ ಮಾಡಿದೆ. "ಸರ್, ಅದು ಸುಮ್ನೆ ಟ್ರಯಲ್, ಅವರಿನ್ನೂ ಪೇಮೆಂಟ್ ಶುರು ಮಾಡಿಲ್ಲ" ಅಂದರು. ಪತ್ರಿಕೆವಾರು ಲೆಕ್ಕ ಕೇಳಿದರೆ ಉತ್ತರವೇ ಇಲ್ಲ. ಲೆಕ್ಕ ಬರುವವರೆಗೆ ಹೊಸ ಸ್ಟ್ರಿಪ್ ಕೊಡಲ್ಲ ಅಂದೆ. ಕೆಲವು ವಾರ ಹಳೆಯದನ್ನೇ ಓಡಿಸಿದರು. ಆಮೇಲೆ ಅದೇ ಶೀರ್ಷಿಕೆ, ಅದೇ ಶೆಟ್ಟರು, ಗೆರೆ ಬೇರೆಯವರದು! ಬೆಕ್ಕಿಗೆ ಮೀಸೆ ಕೂಡ ಸರಿಯಾಗಿ ಬರೆದಿರಲಿಲ್ಲ. ಜಗಳಕ್ಕೆ ಹೋದರೆ ಕರಾರಿನ ಸಾಲು ತೋರಿಸಿದರು: ಶೀರ್ಷಿಕೆ, ಪಾತ್ರಗಳು, ಮುಂದೆ ಬರೆಯುವುದೆಲ್ಲ ಏಜೆನ್ಸಿಗೆ ಸೇರಿದ್ದು.

ಇದು ಹಳೇ ಆಟ. 1912ರಲ್ಲಿ ಅಮೆರಿಕದ ಕಾರ್ಟೂನಿಸ್ಟ್ ರುಡಾಲ್ಫ್ ಡರ್ಕ್ಸ್, ಪತ್ರಿಕೆಗಳ ಒಡೆಯ ಹರ್ಸ್ಟ್ ಅವರ ಬಳಗದಿಂದ ದೂರವಾದರು. ಕೋರ್ಟಿನಲ್ಲಿ ಅವರಿಗೆ ತಮ್ಮ ಪಾತ್ರಗಳನ್ನು ಬರೆಯುವ ಹಕ್ಕು ಸಿಕ್ಕಿತು. ‘ಕ್ಯಾಟ್ಜೆನ್‌ಜಾಮರ್ ಕಿಡ್ಸ್’ ಎಂಬ ಆ ಸ್ಟ್ರಿಪ್‌ನ ಹೆಸರು ಮಾತ್ರ ಹರ್ಸ್ಟ್ ಬಳಿಯೇ ಉಳಿಯಿತು, ಅದನ್ನು ಬೇರೊಬ್ಬರು ಮುಂದುವರಿಸಿದರು. ತನ್ನ ಸ್ಟ್ರಿಪ್‌ನ ಪಾತ್ರಗಳಾದ ಕ್ಯಾಲ್ವಿನ್ ಮತ್ತು ಹಾಬ್ಸ್ ಗೊಂಬೆ, ಟೀಶರ್ಟ್ ಆಗಬಾರದು ಅಂತ ಬಿಲ್ ವಾಟರ್ಸನ್ ಸಿಂಡಿಕೇಟ್ ಜೊತೆ ವರ್ಷಗಟ್ಟಲೆ ಗುದ್ದಾಡಬೇಕಾಯಿತು. ಆ ಹಕ್ಕು ಮೊದಲ ಕರಾರಿನಲ್ಲೇ ಕೈಬಿಟ್ಟು ಹೋಗಿತ್ತು. ಅವರೇನೋ ಗೆದ್ದರು, ಓದುಗರ ಬಲ ಇತ್ತು. ನಮಗೆಲ್ಲಿ?

ನಮ್ಮ 1957ರ ಕಾಪಿರೈಟ್ ಕಾಯ್ದೆ ಸ್ವಲ್ಪ ಆಸರೆ ಕೊಡುತ್ತದೆ. 19ನೇ ಸೆಕ್ಷನ್ ಪ್ರಕಾರ, ಕರಾರಿನಲ್ಲಿ ಅವಧಿ ಬರೆಯದಿದ್ದರೆ ಹಕ್ಕು 5 ವರ್ಷಕ್ಕೆ ಮಾತ್ರ ಹೋಗುತ್ತದೆ. ಪ್ರದೇಶ ಹೇಳದಿದ್ದರೆ ಭಾರತದೊಳಗೆ ಮಾತ್ರ. ಅದಕ್ಕೇ ‘ಶಾಶ್ವತವಾಗಿ, ಪ್ರಪಂಚದಾದ್ಯಂತ’ ಅಂತ ಸೇರಿಸಿರುತ್ತಾರೆ. ಅದನ್ನು ಹೊಡೆದುಹಾಕಿಸಿ, ಎಷ್ಟು ವರ್ಷ, ಯಾವ ಭಾಷೆ ಅಂತ ಬರೆಸಿ. ‘ಪಾತ್ರಗಳು’ ಅನ್ನುವುದೂ ಹೋಗಲಿ. ಪತ್ರಿಕೆಯ ಹೆಸರು, ಪ್ರಕಟವಾದ ದಿನ, ಬಂದ ಮೊತ್ತ ಇರುವ ಲೆಕ್ಕ ಮೂರು ತಿಂಗಳಿಗೊಮ್ಮೆ ಕೊಡಬೇಕು ಅಂತಲೂ ಇರಲಿ. ಒಪ್ಪದಿದ್ದರೆ ಎದ್ದು ಬನ್ನಿ.

ಈಗಾಗಲೇ ಸಿಕ್ಕಿಕೊಂಡವರು 57ನೇ ಸೆಕ್ಷನ್ ನೋಡಿ. ಹಕ್ಕು ಮಾರಿದ ಮೇಲೂ ‘ಇದು ನಾನು ಬರೆದದ್ದು’ ಅಂತ ಹೇಳಿಕೊಳ್ಳುವ ಹಕ್ಕು ನಿಮ್ಮದೇ. ಕತ್ತರಿಸಿದ ಸಹಿಯ ಮೇಲೆ ನಮ್ಮ ವಕೀಲರು ನೋಟಿಸ್ ಕಳಿಸಿದ್ದಾರೆ. ಏಜೆನ್ಸಿಯಿಂದ ಉತ್ತರ ಇನ್ನೂ ಬಂದಿಲ್ಲ.