ಮೈನ್‌ಫ್ರೇಮ್ ರಿಪೋರ್ಟನ್ನು ನೆಟ್‌ವರ್ಕ್ ಪ್ರಿಂಟರ್‌ಗೆ ತಂದ ಶಿವಮೊಗ್ಗದ ಅಂಗಡಿ: ಐದಕ್ಕೆ ನಾಲ್ಕು

ನಮ್ಮ ಶಿವಮೊಗ್ಗ ಶಾಖೆಯ ಲೆಕ್ಕವೆಲ್ಲ ಇರುವುದು ಬೆಂಗಳೂರಿನ ಹೆಡ್ ಆಫೀಸಿನ ಮೈನ್‌ಫ್ರೇಮ್‌ನಲ್ಲಿ, ಅಂದರೆ ಎಲ್ಲರ ಲೆಕ್ಕ ಒಟ್ಟಿಗೆ ನಡೆಸುವ ದೊಡ್ಡ ಕಂಪ್ಯೂಟರಿನಲ್ಲಿ. ರಾತ್ರಿ ಬ್ಯಾಚ್, ಅಂದರೆ ದಿನದ ಲೆಕ್ಕವನ್ನೆಲ್ಲ ಒಟ್ಟಿಗೆ ಮಾಡುವ ಕೆಲಸ, ಮುಗಿದರೆ ರಿಪೋರ್ಟು ಇಲ್ಲಿ ಲೈನ್ ಪ್ರಿಂಟರ್‌ನಲ್ಲಿ (ಒಂದೊಂದು ಸಾಲಾಗಿ ಹೊಡೆಯುವ ಹಳೇ ಪ್ರಿಂಟರ್) ಬರುತ್ತಿತ್ತು. ಅದಕ್ಕೆ ರಿಬ್ಬನ್ ಸಿಗುವುದೇ ಕಷ್ಟವಾಯಿತು. ಕೊನೆಗೆ ಎ4 ಲೇಸರ್ ಪ್ರಿಂಟರ್ ತಂದು, ಹೊಂದಿಸುವ ಕೆಲಸವನ್ನು ದುರ್ಗಿಗುಡಿ ಕಡೆಯ ಒಂದು ಚಿಕ್ಕ ಅಂಗಡಿಗೆ ಕೊಟ್ಟೆವು.

ಇವರಿಗಿಂತ ಮೊದಲು ಬಂದವರು ಪ್ರಿಂಟರ್‌ಗೆ ಐಪಿ (ನೆಟ್‌ವರ್ಕಿನಲ್ಲಿ ಅದರ ವಿಳಾಸ) ಕೊಟ್ಟು, ಬಂದದ್ದನ್ನು ನೇರವಾಗಿ ಅಚ್ಚು ಮಾಡುವ 9100 ಪೋರ್ಟಿಗೆ ಫೈಲು ಕಳಿಸಿ, ಆಯ್ತು ಸಾರ್ ಅಂದಿದ್ದರು. ಕಾಗದವೇನೋ ಬಂತು, ಆದರೆ ಓದುವ ಹಾಗಿರಲಿಲ್ಲ. ಮೈನ್‌ಫ್ರೇಮ್‌ನಲ್ಲಿ ಅಕ್ಷರಗಳು ಇಬಿಸಿಡಿಕ್ ಎಂಬ ಸಂಕೇತ ಪಟ್ಟಿಯಲ್ಲಿ ಇರುತ್ತವೆ, ಅಲ್ಲಿ ಇಂಗ್ಲಿಷಿನ ದೊಡ್ಡ ‘ಎ’ಗೆ ಹೆಕ್ಸ್ (ಹದಿನಾರರ ಲೆಕ್ಕದ) ಸಂಖ್ಯೆ ಸಿ1, ನಮ್ಮ ಪ್ರಿಂಟರ್ ಓದುವ ಆಸ್ಕಿ ಎಂಬ ಇನ್ನೊಂದು ಪಟ್ಟಿಯಲ್ಲಿ ಅದೇ 41. ಬದಲಾಯಿಸದೆ ಕಳಿಸಿದರೆ ಇನ್ನೇನಾಗುತ್ತದೆ?

ಈ ಹುಡುಗರು ಬಂದವರೇ ಹಳೇ ರಿಪೋರ್ಟಿನ ಶೀಟು ಕೇಳಿದರು. ಟೇಬಲ್ ಮೇಲೆ ಹರಡಿ, ಸ್ಕೇಲ್ ಇಟ್ಟು ಅಳೆದರು. ನನಗೆ ಇವರ ಮೇಲೆ ನಂಬಿಕೆ ಬಂದಿದ್ದು ಅಲ್ಲೇ. ಸಾಲಿಗೆ 132 ಅಕ್ಷರ, ಪುಟಕ್ಕೆ 66 ಸಾಲು. ಅದನ್ನು ಅಡ್ಡ ಎ4ನಲ್ಲಿ ಕೂರಿಸಲು ಇಂಚಿಗೆ 13 ಅಕ್ಷರ, 9 ಸಾಲು ಅಂತ ಇಟ್ಟರು. ಚಿಕ್ಕದೇ, ಆದರೆ ನಮ್ಮ ಹಿರಿಯ ಕ್ಯಾಷಿಯರ್ ಕನ್ನಡಕ ಹಾಕಿಕೊಂಡು ಓದಿ ಸರಿ ಅಂದರು.

ನಿಜವಾದ ಕೆಲಸ ಇದ್ದದ್ದು ಪ್ರತಿ ಸಾಲಿನ ಮೊದಲ ಅಕ್ಷರದಲ್ಲಿ. ಅದು ಅಚ್ಚಾಗಲು ಇರುವುದಲ್ಲ, ಪ್ರಿಂಟರ್‌ಗೆ ಕೊಡುವ ಸೂಚನೆ: 1 ಇದ್ದರೆ ಹೊಸ ಪುಟ, 0 ಇದ್ದರೆ ಒಂದು ಸಾಲು ಬಿಟ್ಟು, + ಇದ್ದರೆ ಹಿಂದಿನ ಸಾಲಿನ ಮೇಲೇ ಇನ್ನೊಮ್ಮೆ. ನಮ್ಮ ರಿಪೋರ್ಟಿನಲ್ಲಿ ಒಟ್ಟು ಮೊತ್ತ ದಪ್ಪಗೆ ಕಾಣಲಿ ಅಂತ ಆ ಸಾಲನ್ನು + ಹಾಕಿ ಎರಡು ಸಲ ಹೊಡೆಯುತ್ತಿದ್ದರು. ಅದನ್ನು ಗಮನಿಸದಿದ್ದರೆ ಒಂದೇ ಮೊತ್ತ ಒಂದರ ಕೆಳಗೊಂದು ಎರಡು ಸಲ ಬರುತ್ತದೆ, ನೋಡಿದವರು ಎರಡನ್ನೂ ಕೂಡಿಬಿಟ್ಟರೆ ಗತಿಯೇನು! ಟೆಸ್ಟ್ ಪ್ರಿಂಟಿನಲ್ಲೇ ಅದನ್ನು ಹಿಡಿದು ಸರಿಮಾಡಿದರು. ಮೊತ್ತ ಈಗಲೂ ದಪ್ಪಗೇ ಬರುತ್ತದೆ.

ಊರಿಗೆ ತಕ್ಕ ಬುದ್ಧಿಯನ್ನೂ ಹೇಳಿದರು. ಮಳೆಗಾಲದಲ್ಲಿ ಇಲ್ಲಿ ಕಾಗದ ತೇವ ಎಳೆದುಕೊಂಡು ಸುರುಟಿ ಸಿಕ್ಕಿಕೊಳ್ಳುತ್ತದೆ, ಹಾಗಾಗಿ ಬೇಕಾದಷ್ಟೇ ಟ್ರೇಗೆ ಹಾಕಿ, ಉಳಿದ ರೀಮು ಬಿಚ್ಚಬೇಡಿ ಅಂದರು. ಗುಡುಗು ಶುರುವಾದರೆ ಕರೆಂಟಿನ ಜೊತೆ ಲ್ಯಾನ್ ಕೇಬಲ್ಲನ್ನೂ ಕೀಳಬೇಕು. ಲೇಸರ್ ಪ್ರಿಂಟರನ್ನು ಚಿಕ್ಕ ಯುಪಿಎಸ್‌ಗೆ ಹಾಕಬಾರದು, ಒಳಗಿನ ಹೀಟರ್ ಜಾಸ್ತಿ ಕರೆಂಟ್ ಎಳೆಯುತ್ತದೆ. ರೂಟರ್‌ನಲ್ಲಿ ಪ್ರಿಂಟರ್‌ನ ಐಪಿ ಬದಲಾಗದ ಹಾಗೆ ಕಟ್ಟಿಯೂ ಕೊಟ್ಟರು.

ಕಾರ್ಬನ್ ಪ್ರತಿ ಬೇಕಾಗುವ ರಸೀದಿಗೆ ಮಾತ್ರ ಹಳೇ ಡಾಟ್ ಮ್ಯಾಟ್ರಿಕ್ಸ್ ಇಟ್ಟುಕೊಳ್ಳಿ, ಲೇಸರ್ ಕಾಗದಕ್ಕೆ ಹೊಡೆಯುವುದಿಲ್ಲ, ಕೆಳಗಿನ ಪ್ರತಿ ಮೂಡುವುದಿಲ್ಲ ಅಂತ ಅವರೇ ಹೇಳಿದರು. ಇನ್ನೊಂದು ಪ್ರಿಂಟರ್ ಮಾರಬಹುದಿತ್ತು, ಮಾರಲಿಲ್ಲ. ಅದು ನನಗೆ ತುಂಬಾ ಹಿಡಿಸಿತು.

ಒಂದು ಅಂಕ ಕಡಿಮೆ ಮಾಡಿದ್ದಕ್ಕೆ ಕಾರಣ ಇದೆ. ಇಷ್ಟೆಲ್ಲ ಸೆಟ್ಟಿಂಗು ಮಾಡಿದರು, ಆದರೆ ಒಂದನ್ನೂ ಬರೆದು ಕೊಟ್ಟಿಲ್ಲ. ನಾಳೆ ಪ್ರಿಂಟರ್ ಬದಲಾಯಿಸಿದರೆ ಮತ್ತೆ ಅವರನ್ನೇ ಕರೆಯಬೇಕು. ನೀವು ಇಂಥ ಕೆಲಸ ಯಾರಿಗಾದರೂ ಕೊಟ್ಟರೆ, ಬಿಲ್ ಕಟ್ಟುವ ಮೊದಲೇ ಅದನ್ನು ಬರೆಸಿಕೊಳ್ಳಿ.