ಫೆಬ್ರುವರಿಯಲ್ಲೇ ಮಾರುವುದೋ, ಗೋದಾಮಿನಲ್ಲಿಟ್ಟು ಸಾಲ ಪಡೆಯುವುದೋ?

ಕೊಡಗಿನ ರೋಬಸ್ಟಾ ತಳಿಯ ಕಾಫಿ ಬೆಳೆಗಾರರಿಗೆ ಕೊಯ್ಲು ಮುಗಿಯುತ್ತಿದ್ದಂತೆ ಎರಡು ದಾರಿಗಳಿರುತ್ತವೆ: ಕಣದಲ್ಲಿ ಸಿಪ್ಪೆ ಸಮೇತ ಒಣಗಿದ ಹಣ್ಣನ್ನು, ಅಂದರೆ ಚೆರಿ ಕಾಫಿಯನ್ನು, ಕೂಡಲೇ ಮಾರುವುದು, ಇಲ್ಲವೇ ಗೋದಾಮಿನಲ್ಲಿಟ್ಟು ಅದರ ಅಡಮಾನದ ಮೇಲೆ ಸಾಲ ಪಡೆದು ಕಾಯುವುದು.

ಕೂಡಲೇ ಮಾರಿದರೆ, ಕಾಫಿ ಹೂ ಅರಳಲು ಬೇಕಾದ ಹೂಮಳೆ ಕೈಕೊಟ್ಟ ವರ್ಷ ಸ್ಪ್ರಿಂಕ್ಲರ್ ಪಂಪಿನ ಡೀಸೆಲ್‌ಗೂ ಕೂಲಿಗೂ ಹಣ ಸಿಗುತ್ತದೆ, ಬಡ್ಡಿಯ ಹೊರೆಯಿರುವುದಿಲ್ಲ.

ಕಾಯುವ ದಾರಿಯನ್ನು ಲೆಕ್ಕ ಹಾಕಿ ನೋಡಬೇಕು. 50 ಕಿಲೋ ಮೂಟೆಗೆ 10,000 ರೂಪಾಯಿಯಂತೆ 100 ಮೂಟೆಗಳಿವೆ, ಅವುಗಳ ಮೇಲೆ 9% ಬಡ್ಡಿಗೆ 7 ಲಕ್ಷ ಸಾಲ ಸಿಕ್ಕಿದೆ ಎಂದಿಟ್ಟುಕೊಳ್ಳೋಣ. ಆರು ತಿಂಗಳಿಗೆ ಬಡ್ಡಿ 31,500 ರೂಪಾಯಿಯಾಗುವುದರಿಂದ ಮೂಟೆಯ ಬೆಲೆ 315 ರೂಪಾಯಿಗಿಂತ ಹೆಚ್ಚು ಏರಿದರೆ ಮಾತ್ರ ಲಾಭ, ಗೋದಾಮಿನ ಬಾಡಿಗೆ ಬೇರೆ. ಆ ಏರಿಕೆ ನಿರ್ಧಾರವಾಗುವುದು ಕುಶಾಲನಗರದಲ್ಲಲ್ಲ, ಲಂಡನ್ನಿನ ವಾಯಿದಾ ಮಾರುಕಟ್ಟೆಯಲ್ಲಿ. ಅಲ್ಲಿ 2023ರ ಆರಂಭದಲ್ಲಿ ಟನ್ನಿಗೆ 2,000 ಡಾಲರ್ ಆಸುಪಾಸಿನಲ್ಲಿದ್ದ ರೋಬಸ್ಟಾ, ವಿಯೆಟ್ನಾಮಿನ ಬರದ ಬಿಸಿಗೆ 2024ರ ಸೆಪ್ಟೆಂಬರಿನಲ್ಲಿ 5,000 ದಾಟಿತು. 2025ರ ಮಧ್ಯಭಾಗದಲ್ಲಿ 4,000ಕ್ಕಿಂತ ಕೆಳಗಿಳಿಯಿತು.

ಇದರ ಜೊತೆಗೆ ರೂಪಾಯಿಯ ಮೌಲ್ಯವೂ ಇದೆ. ಕಚ್ಚಾ ತೈಲದಲ್ಲಿ 80%ಕ್ಕಿಂತ ಹೆಚ್ಚನ್ನು ಆಮದು ಮಾಡಿಕೊಳ್ಳುವ ಭಾರತದಲ್ಲಿ, ತೈಲ ದುಬಾರಿಯಾದರೆ ಸಾಮಾನ್ಯವಾಗಿ ರೂಪಾಯಿ ಕುಸಿದು ರಫ್ತಿನ ಕಾಫಿಗೆ ಒಂದಿಷ್ಟು ಹೆಚ್ಚು ಸಿಗುತ್ತದೆ, ಆದರೆ ಪಂಪಿನ ಖರ್ಚು ಅದರಲ್ಲಿ ಪಾಲು ಕೇಳುತ್ತದೆ.

ನನ್ನ ಮಟ್ಟಿಗೆ, ನೀರಾವರಿ ಮತ್ತು ಕೂಲಿಗೆ ಬೇಕಾದಷ್ಟನ್ನು ಮೊದಲೇ ಮಾರಿ ಉಳಿದುದನ್ನಷ್ಟೇ ಇಡುವುದು ಲೇಸು. ಅದೂ ಸರಿಯಾಗಿ ಒಣಗಿದ್ದರೆ ಮಾತ್ರ, ಏಕೆಂದರೆ ಜೂನ್‌ನ ಮಳೆಗಾಲದಲ್ಲಿ ಹಸಿ ಉಳಿದ ಮೂಟೆಗೆ ಬೂಷ್ಟು ಹಿಡಿಯಲು ಹೆಚ್ಚು ದಿನ ಬೇಕಿಲ್ಲ.